ಲಸಿಕೆಯ ಹನಿಯೂ ಬಸದಿಯ ಬಾವಿಯೂ

ಔಷಧವನ್ನು ಅದರ ಗುಣದಿಂದಷ್ಟೇ ಅಳೆಯದೆ ಅದರ ಮೂಲದಿಂದಲೂ ಅಳೆಯಬೇಕೆಂಬುದು ಜೈನ ವೈದ್ಯರ ಹಳೆಯ ನಿಲುವು. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ಕ್ಕೆ ಸೇರಿದ ಹಿತಾಹಿತಾಧ್ಯಾಯವು, ಮಾಂಸವನ್ನು ಔಷಧವೆಂದು ವಿಧಿಸುವವರ ವಾದಗಳನ್ನು ನೃಪತುಂಗನ ಸಭೆಯಲ್ಲಿ ಖಂಡಿಸಿದ ಪ್ರಕರಣವೆಂದು ಪ್ರಸಿದ್ಧವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದಾಗ, ಅದರಲ್ಲಿ ಹೇಳಿದ ಚಿಕಿತ್ಸೆಯೆಲ್ಲವೂ ಮದ್ಯಮಾಂಸಗಳನ್ನು ಬಿಟ್ಟದ್ದೇ ಆಗಿತ್ತು. ಆ ಕಾಲದ ವೈದ್ಯನಿಗೆ ಈ ನಿಯಮ ಸುಲಭದ್ದೇನೂ ಅಲ್ಲ. ಇತರ ವೈದ್ಯಗ್ರಂಥಗಳಲ್ಲಿ ಮಾಂಸರಸದ ಯೋಗಗಳು ಹೇರಳವಾಗಿದ್ದವು. ಅವನ್ನು ಬಿಟ್ಟವನು ಬದಲಿ ದ್ರವ್ಯವನ್ನು ತಾನೇ ಹುಡುಕಿ ರೋಗಿಯನ್ನು ಗುಣಪಡಿಸಬೇಕಾಗಿತ್ತು. ಮೂಲ ಶುದ್ಧವಿಲ್ಲವೆಂದು ಔಷಧವನ್ನು ತಳ್ಳಿ, ಅದರೊಡನೆ ರೋಗಿಯನ್ನೂ ಕೈಬಿಡುವ ಶಾಸ್ತ್ರವನ್ನು ಈ ಆಚಾರ್ಯರು ಬರೆಯಲಿಲ್ಲವೆಂಬುದನ್ನು ಓದುಗರು ಮೊದಲಿಗೇ ಗಮನದಲ್ಲಿಡಬೇಕು.

ಈಗ ಅದೇ ಪ್ರಶ್ನೆ ಬೇರೊಂದು ರೂಪದಲ್ಲಿ ನಮ್ಮ ಮನೆಗಳಿಗೆ ಬಂದಿದೆ. ಔರಾದ ತಾಲೂಕಿನ ಚಿಂತಾಕಿಯಲ್ಲಾಗಲಿ ಬೀದರ ನಗರದಲ್ಲಾಗಲಿ ಹುಟ್ಟಿದ ಮಗುವಿಗೆ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಸರ್ಕಾರದ ವತಿಯಿಂದ ರೋಟಾವೈರಸ್ ಲಸಿಕೆಯನ್ನು ಬಾಯಿಗೆ ಹಾಕಲಾಗುತ್ತದೆ. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಮೊದಲಾದ ಈ ಕಾರ್ಯಕ್ರಮ 2019ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಇದರ ಬಗ್ಗೆ ಶ್ರಾವಕ ಕುಟುಂಬಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಲಸಿಕೆಯನ್ನು ಕೋತಿಯ ಜೀವಕೋಶದಲ್ಲಿ ಬೆಳೆಸುತ್ತಾರಂತೆ, ನಮಗೆ ಅದು ಬೇಡ ಎಂಬುದು ಒಂದು. ನಾವು ನೀರನ್ನು ಗಾಳಿಸಿಯೇ ಕುಡಿಯುವವರು, ನಮ್ಮ ಮಕ್ಕಳಿಗೆ ಆ ರೋಗದ ಭಯವಿಲ್ಲ ಎಂಬುದು ಇನ್ನೊಂದು. ವಿಜ್ಞಾನದ ಪಕ್ಷದವರು ಸೇರಿಸುವ ಮೂರನೆಯ ಮಾತೂ ಇದೆ: ಜೀವ ಉಳಿಸುವ ಮದ್ದಿನ ಹುಟ್ಟನ್ನು ಕೆದಕಬಾರದು. ಈ ಮೂರು ಮಾತುಗಳಲ್ಲಿ ಯಾವುದೂ ಪೂರ್ಣ ಪರೀಕ್ಷೆಗೆ ನಿಲ್ಲುವುದಿಲ್ಲವೆಂಬುದು ಈ ಲೇಖನದ ಪಕ್ಷ. ಆ ಲಸಿಕೆ ಹೇಗೆ ಬಂತೆಂದು ತಿಳಿಯದೆ ಇದನ್ನು ವಿಚಾರಿಸಲಾಗದು.

ರೋಟಾವೈರಸ್ಸು ಎಳೆಯ ಮಕ್ಕಳ ಕರುಳಿಗೆ ತಗಲಿ ವಾಂತಿಭೇದಿಯನ್ನುಂಟುಮಾಡುತ್ತದೆ. ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ರೋಗಿ ಮಕ್ಕಳ ಕರುಳಿನಲ್ಲಿ ಇದನ್ನು 1973ರಲ್ಲಿ ಗುರುತಿಸಿದರು. ಲಸಿಕೆ ಬರುವ ಮುನ್ನ ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ಐದು ವರ್ಷ ತುಂಬುವುದರೊಳಗೆ ಇದರಿಂದ ಸಾಯುತ್ತಿದ್ದರೆಂಬುದು ಅಂದಾಜು. ಆದರೆ ಈ ರೋಗದಲ್ಲಿ ಒಂದು ವಿಚಿತ್ರವುಂಟು. ಹೆರಿಗೆಯಾದ ಮೊದಲ ದಿನಗಳಲ್ಲಿ ಆಸ್ಪತ್ರೆಯ ಶಿಶುಕೋಣೆಯಲ್ಲಿಯೇ ಎಷ್ಟೋ ಕೂಸುಗಳಿಗೆ ವೈರಸ್ ತಗಲುತ್ತದೆ; ಅವುಗಳಲ್ಲಿ ಹೆಚ್ಚಿನವಕ್ಕೆ ಭೇದಿಯಾಗುವುದಿಲ್ಲ. ಹೀಗೆ ಸೋಂಕು ತಗಲಿಯೂ ಸುಖವಾಗಿದ್ದ ಕೂಸುಗಳಿಗೆ ಮುಂದೆ ಅದೇ ರೋಗ ತೀವ್ರರೂಪದಲ್ಲಿ ಬರುವುದು ಕಡಿಮೆಯೆಂದು ಬಿಷಪ್ ಅವರೇ 1983ರಲ್ಲಿ ತೋರಿಸಿದರು. ನವಜಾತ ಶಿಶುವಿನ ಕರುಳಿನಲ್ಲಿ ಸದ್ದಿಲ್ಲದೆ ಇದ್ದು ಹೋಗುವ ವೈರಸ್ಸನ್ನೇ ಲಸಿಕೆಯಾಗಿಸಬಾರದೇಕೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಂದ.

ಭಾರತದಲ್ಲಿ ಈ ದಾರಿಯನ್ನು ಎರಡು ಕಡೆ ಹಿಡಿದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಮಹಾರಾಜ ಕಿಶನ್ ಭಾನ್ ಮತ್ತು ಅವರ ತಂಡದವರು 1980ರ ದಶಕದ ನಡುವಿನಲ್ಲಿ ನವಜಾತ ಶಿಶುಗಳ ಮಲದಿಂದ ಬೇರ್ಪಡಿಸಿದ ತಳಿಗೆ 116ಇ ಎಂದು ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ದುರ್ಗಾರಾವ್ ಅವರ ಪ್ರಯೋಗಾಲಯದವರು ನಗರದ ಆಸ್ಪತ್ರೆಗಳ ಆರೋಗ್ಯವಂತ ಕೂಸುಗಳಿಂದ ಪಡೆದದ್ದು ಐ321. ಬೆಂಗಳೂರಿನ ಈ ಕೆಲಸದ ಪ್ರಬಂಧಗಳು 1990ರ ದಶಕದ ಮೊದಲ ವರ್ಷಗಳಲ್ಲಿ ಪ್ರಕಟವಾದವು. ಲಸಿಕೆಯ ಕಥೆ ಹೇಳುವಾಗ ದೆಹಲಿಯನ್ನಷ್ಟೇ ಹೇಳಿ ಮುಗಿಸುವ ವಾಡಿಕೆ ಬಂದಿರುವುದರಿಂದ ಕನ್ನಡದ ಓದುಗರಿಗೆ ಇದು ಅಷ್ಟಾಗಿ ತಿಳಿದಿಲ್ಲ.

ಐ321ರ ವಂಶವನ್ನು ಪರೀಕ್ಷಿಸಿದಾಗ ಕಂಡುಬಂದ ಸಂಗತಿ ಆಶ್ಚರ್ಯಕರವಾದದ್ದು. ರೋಟಾವೈರಸ್ಸಿನ ಆನುವಂಶಿಕ ದ್ರವ್ಯ ಹನ್ನೊಂದು ತುಂಡುಗಳಲ್ಲಿರುತ್ತದೆ. ಒಂದೇ ಕರುಳಿಗೆ ಎರಡು ಬಗೆಯ ವೈರಸ್ ಹೊಕ್ಕರೆ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು. ಬೆಂಗಳೂರಿನ ಕೂಸುಗಳಲ್ಲಿ ದೊರೆತ ತಳಿಯಲ್ಲಿ ಹೆಚ್ಚಿನ ತುಂಡುಗಳು ದನದ ರೋಟಾವೈರಸ್ಸಿನವು. ಮನುಷ್ಯ ಮೂಲದವು ಎರಡೇ. ದೆಹಲಿಯ 116ಇ ಇದಕ್ಕೆ ತಿರುವುಮುರುವು, ಮನುಷ್ಯರ ವೈರಸ್ಸಿನಲ್ಲಿ ದನದ್ದೊಂದು ತುಂಡು. ಕರುವಿಗೆ ಭೇದಿ ತರುವ ವೈರಸ್ಸೂ ಕೂಸಿನ ವೈರಸ್ಸೂ ಎಲ್ಲೋ ಒಂದು ಕೊಟ್ಟಿಗೆಯ ಬಳಿ, ಒಂದು ಕೊಡ ನೀರಿನಲ್ಲಿಯೋ ತೊಳೆಯದ ಕೈಯಲ್ಲಿಯೋ, ಸಂಧಿಸಿರಬೇಕು. ಕಲ್ಯಾಣದ ಚಾಳುಕ್ಯ ರಾಜಪುತ್ರ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದದ್ದು ಹನ್ನೆರಡನೆಯ ಶತಮಾನದ ಆರಂಭದಲ್ಲಿ, ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ದನದ ವೈದ್ಯವನ್ನು ಬರೆಯುವುದು ಅರಸುಮಗನ ಘನತೆಗೆ ಕುಂದೆಂದು ಅವನು ಎಣಿಸಲಿಲ್ಲ. ದೇವಣಿ ತಳಿಯ ದನಗಳನ್ನು ಮನೆಯ ಮಕ್ಕಳಂತೆ ಸಾಕುವ ಔರಾದ, ಭಾಲ್ಕಿಗಳ ರೈತನಿಗೆ ಕರುವಿನ ಭೇದಿಯೂ ಕೂಸಿನ ಭೇದಿಯೂ ನಂಟರಾಗಿರಬಹುದೆಂದು ಹೇಳಿದರೆ ಅವನು ನಗಲಾರ. ಪಶುವೈದ್ಯ ವಿಶ್ವವಿದ್ಯಾಲಯವೇ ಬೀದರಿನಲ್ಲಿರುವಾಗ ಈ ನಂಟಿನ ವಿಷಯ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ಹೆಚ್ಚು ಪ್ರಚಾರವಾಗಬೇಕಿತ್ತು.

ಐ321 ಕೊನೆಗೆ ಲಸಿಕೆಯಾಗಲಿಲ್ಲ. ಎರಡೂ ತಳಿಗಳನ್ನು ಶಿಶುಗಳಲ್ಲಿ ಹೋಲಿಸಿದ ವರದಿ 2006ರಲ್ಲಿ ಬಂತು. 116ಇ ಹೆಚ್ಚು ಶಿಶುಗಳಲ್ಲಿ ರೋಗನಿರೋಧ ಹುಟ್ಟಿಸಿತು, ಬೆಂಗಳೂರಿನದು ಹಿಂದೆ ಬಿದ್ದಿತು. ಮರುವರ್ಷ ವೆಲ್ಲೂರಿನಿಂದ ಬಂದ ಅಧ್ಯಯನವೊಂದು, ಐ321ರ ಜಾತಿಯದೇ ವೈರಸ್ ಹುಟ್ಟಿದೊಡನೆ ತಗಲಿದ ಮಕ್ಕಳಿಗೆ ಮುಂದೆ ಅದರಿಂದ ರಕ್ಷಣೆ ಸಿಗಲಿಲ್ಲವೆಂದು ತೋರಿಸಿತು. 116ಇ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯ ಕೈಯಲ್ಲಿ ‘ರೋಟಾವ್ಯಾಕ್’ ಆಯಿತು. ಐದೇ ಹನಿ ಇದರ ಪ್ರಮಾಣ. 2014ರಲ್ಲಿ ಪರವಾನಗಿ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ. ಪುಣೆಯ ಸೀರಮ್ ಸಂಸ್ಥೆಯ ‘ರೋಟಾಸಿಲ್’ ಸಹ ಈಗ ಸರ್ಕಾರಿ ಕಾರ್ಯಕ್ರಮದಲ್ಲಿದೆ; ಅದರ ಹುಟ್ಟು ಬೇರೆ, ಇಲ್ಲಿ ಅದನ್ನು ವಿಚಾರಿಸುವುದಿಲ್ಲ.

ಇನ್ನು ಸೀಸೆಯೊಳಗಿನ ವಿಚಾರ. ರೋಟಾವ್ಯಾಕ್ ವೈರಸ್ಸನ್ನು ಬೆಳೆಸುವುದು ವೀರೋ ಎಂಬ ಜೀವಕೋಶಗಳಲ್ಲಿ. ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಆಫ್ರಿಕಾದ ಒಂದು ಹಸಿರು ಕೋತಿಯ ಮೂತ್ರಪಿಂಡದಿಂದ ಪಡೆದ ಕೋಶಗಳು ಗಾಜಿನ ಪಾತ್ರೆಗಳಲ್ಲಿ ಇಂದಿಗೂ ಒಡೆದು ಹೆಚ್ಚುತ್ತಲೇ ಇವೆ. ಕೋತಿಯ ಕೋಶವೆಂಬ ಆಕ್ಷೇಪ ನಿಜ. ಆದರೆ ಪ್ರತಿಯೊಂದು ಸೀಸೆಗೂ ಒಂದೊಂದು ಕೋತಿ ಸಾಯುತ್ತದೆಂಬ ಕಲ್ಪನೆ ಸುಳ್ಳು. ಈ ಆಕ್ಷೇಪ ಮಾಡುವವರು ಹೆಚ್ಚು ಗಂಭೀರವಾದ ಒಂದು ವಿಷಯವನ್ನು ಕೇಳದೆ ಬಿಟ್ಟಿದ್ದಾರೆ. ಕೋಶಗಳನ್ನು ಬೆಳೆಸುವ ದ್ರವಕ್ಕೆ ಕರುವಿನ ರಕ್ತದ ಸೀರಮನ್ನು ಬೆರೆಸುವುದು ಲಸಿಕೆಗಳ ಲೋಕದಲ್ಲಿ ಬಹುಕಾಲದ ಪದ್ಧತಿ. ಅದರಲ್ಲಿ ಬಹುಪಾಲು ಕಸಾಯಿಖಾನೆಯಲ್ಲಿ ಗರ್ಭಿಣಿ ಹಸುವಿನ ಭ್ರೂಣದಿಂದ ತೆಗೆದದ್ದು. ರೋಟಾವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಟ್ರಿಪ್ಸಿನ್ ಎಂಬ ಕಿಣ್ವವೂ ಬೇಕು, ಅದನ್ನು ವಾಡಿಕೆಯಾಗಿ ಹಂದಿಯ ಮೇದೋಜೀರಕದಿಂದ ತೆಗೆಯುತ್ತಿದ್ದರು. ವಿದೇಶದ ‘ರೋಟರಿಕ್ಸ್’ ಲಸಿಕೆಯಲ್ಲಿ 2010ರಲ್ಲಿ ಹಂದಿಯ ವೈರಸ್ಸೊಂದರ ಅಂಶ ಪತ್ತೆಯಾದಾಗ ಅದು ಬಂದದ್ದು ಈ ಕಿಣ್ವದ ದಾರಿಯಿಂದಲೇ. ಅರವತ್ತು ವರ್ಷಗಳ ಹಿಂದಿನ ಒಂದು ಕೋತಿಗಿಂತ, ಇಂದಿಗೂ ನಡೆಯುತ್ತಿರುವ ಈ ಪದ್ಧತಿ ನಮ್ಮ ವಿಚಾರಕ್ಕೆ ಹೆಚ್ಚು ಯೋಗ್ಯ. ಕೃತ, ಕಾರಿತ, ಅನುಮೋದಿತವೆಂಬ ನಮ್ಮ ವಿಂಗಡಣೆಯಂತೆ ಮುಗಿದುಹೋದ ಹಿಂಸೆಗೂ ಬೇಡಿಕೆಯಿಂದ ಮುಂದುವರಿಯುವ ಹಿಂಸೆಗೂ ಭೇದವಿದೆ.

ಇಲ್ಲಿ ಸೋಮನಾಥನ ದಾರಿ ನೆನಪಿಗೆ ಬರಬೇಕು. ಬದಲಿ ದ್ರವ್ಯಗಳು ಈಗ ಇವೆ. ಸೀರಮ್ ಇಲ್ಲದ ದ್ರವದಲ್ಲಿ ವೀರೋ ಕೋಶಗಳನ್ನು ಬೆಳೆಸುವ ವಿಧಾನಗಳು ಬಂದಿವೆ. ಪ್ರಾಣಿಮೂಲವಲ್ಲದ ಟ್ರಿಪ್ಸಿನ್ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಲಸಿಕೆಯ ಪ್ರತಿ ಕಂತನ್ನೂ ಇಲಿ, ಗಿನಿಹಂದಿಗಳಿಗೆ ಚುಚ್ಚಿ ನೋಡುವ ಹಳೆಯ ಸಾಮಾನ್ಯ ಪರೀಕ್ಷೆಯನ್ನು ಕೈಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿಯೇ 2018ರಲ್ಲಿ ಹೇಳಿತು. ಇಂಥ ಬದಲಾವಣೆಗಳನ್ನು ಯಾವ ತಯಾರಕರು ಎಷ್ಟರಮಟ್ಟಿಗೆ ಅಳವಡಿಸಿಕೊಂಡಿದ್ದಾರೆಂದು ಲಿಖಿತವಾಗಿ ಕೇಳುವುದು ನಮ್ಮ ಸಮಾಜದ ಸಂಘಸಂಸ್ಥೆಗಳಿಗೆ ಕಷ್ಟವಲ್ಲ. ಮಿಠಾಯಿಯ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ಹುಡುಕುವ ಕಣ್ಣು ನಮ್ಮದು. ಆ ಎಚ್ಚರವನ್ನು ತಾಯಿಯೊಬ್ಬಳು ತನ್ನ ಕೂಸಿನ ಬಾಯಿ ಮುಚ್ಚುವುದರಲ್ಲಿ ತೋರಿಸಬೇಕಾಗಿಲ್ಲ. ಕೊಳ್ಳುವ ಸರ್ಕಾರಕ್ಕೂ ತಯಾರಿಸುವ ಸಂಸ್ಥೆಗೂ ಬರೆಯುವ ಪತ್ರದಲ್ಲಿ ತೋರಿಸಬೇಕು. ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡತಕ್ಕದ್ದು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಆದಷ್ಟು ಕುಗ್ಗಿಸತಕ್ಕದ್ದು. ಮಗುವಿನ ಪ್ರಾಣರಕ್ಷಣೆಗೆಂದು ಹನಿ ಹಾಕಿಸುವುದನ್ನು ಮೊದಲನೆಯ ವರ್ಗಕ್ಕೆ ಸೇರಿಸಲು ಯಾವ ಆಧಾರವೂ ನಮಗೆ ತೋರುವುದಿಲ್ಲ. ವೈರಸ್ಸು ಜೀವವೋ ಅಜೀವವೋ ಎಂಬುದು ವಿಜ್ಞಾನಿಗಳಲ್ಲಿಯೂ ತೀರದ ಚರ್ಚೆ. ಅದನ್ನು ವಿದ್ವಾಂಸರಿಗೆ ಬಿಡೋಣ.

ಮದ್ದಿನ ಹುಟ್ಟನ್ನು ಕೆದಕಬಾರದೆನ್ನುವವರಿಗೂ ಒಂದು ಉತ್ತರ ಸಲ್ಲಬೇಕು. ರೋಟಾವ್ಯಾಕ್‌ನ ಮುಖ್ಯ ಪ್ರಯೋಗ 2011ರಲ್ಲಿ ದೆಹಲಿ, ಪುಣೆ ಮತ್ತು ವೆಲ್ಲೂರುಗಳಲ್ಲಿ ಆರಂಭವಾಯಿತು. ಸೇರಿದ ಶಿಶುಗಳು 6,799. ಇವರಲ್ಲಿ 4,532 ಶಿಶುಗಳಿಗೆ ಲಸಿಕೆ. 2,267 ಶಿಶುಗಳಿಗೆ ಹುಸಿಮದ್ದು, ಅಂದರೆ ಲಸಿಕೆಯಂತೆ ಕಾಣುವ ಆದರೆ ವೈರಸ್ಸಿಲ್ಲದ ದ್ರವ. 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ ತೀವ್ರ ರೋಟಾವೈರಸ್ ಭೇದಿಯನ್ನು ಲಸಿಕೆ ಸುಮಾರು 54 ಪ್ರತಿಶತ ತಡೆಯಿತು. ಆ ಸಮಯಕ್ಕೆ ಬೇರೆ ಎರಡು ರೋಟಾವೈರಸ್ ಲಸಿಕೆಗಳು ಜಗತ್ತಿನಲ್ಲಿ ಬಳಕೆಯಲ್ಲಿದ್ದವು. ಎಲ್ಲ ದೇಶಗಳೂ ಈ ಲಸಿಕೆಯನ್ನು ತಮ್ಮ ಕಾರ್ಯಕ್ರಮಕ್ಕೆ ಸೇರಿಸಬೇಕೆಂದು 2009ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿಯಾಗಿತ್ತು. ಹಾಗಿರುವಾಗ ಎರಡು ಸಾವಿರಕ್ಕೂ ಮಿಕ್ಕಿದ ಮಕ್ಕಳಿಗೆ ಹುಸಿಮದ್ದು ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ವೈದ್ಯಕೀಯ ನೀತಿಯ ಚರ್ಚೆಗಳಲ್ಲಿ ಎದ್ದಿತು.

ಪ್ರಯೋಗದ ಪರವಾದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಆ ವಿದೇಶಿ ಲಸಿಕೆಗಳು ಬಡ ಕುಟುಂಬಗಳ ಕೈಗೆಟುಕುವ ಬೆಲೆಯವಾಗಿರಲಿಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿಯೂ ಇರಲಿಲ್ಲ. ಅವು ಭಾರತದ ಮಕ್ಕಳಲ್ಲಿ ಎಷ್ಟು ಫಲಿಸುತ್ತವೆಂಬುದೂ ಖಚಿತವಿರಲಿಲ್ಲ. ಹುಸಿಮದ್ದು ಪಡೆದ ಮಕ್ಕಳ ಮನೆಗಳಿಗೂ ಕಾರ್ಯಕರ್ತರು ಹೋಗುತ್ತಿದ್ದರು, ಭೇದಿಯಾದರೆ ಚಿಕಿತ್ಸೆ ಸಿಗುತ್ತಿತ್ತು. ಒಂದು ಡಾಲರಿನ ದರದಲ್ಲಿ ಲಸಿಕೆ ಕೊಡುವುದಾಗಿ ತಯಾರಕರು ಒಪ್ಪಿದ್ದರು. ಇವೆಲ್ಲ ತೂಕವುಳ್ಳ ಮಾತುಗಳೇ. ಆದರೂ ಈ ಲೇಖಕನಿಗೆ ಸಮಾಧಾನವಾಗಿಲ್ಲ. ಬಡವರಿಗೆ ಹೇಗೂ ಲಸಿಕೆ ಸಿಗುತ್ತಿರಲಿಲ್ಲ, ಆದ್ದರಿಂದ ಕೊಡದಿದ್ದರೆ ನಷ್ಟವಿಲ್ಲ ಎಂಬ ತರ್ಕ ಬಡತನವನ್ನೇ ಅನುಮತಿಪತ್ರವಾಗಿ ಬಳಸುತ್ತದೆ. ಮೂರು ಊರುಗಳ ಅಂಕಿಗಳನ್ನು, ಮುಖ್ಯವಾಗಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸಿಕ್ಕಿಕೊಳ್ಳುವ ತೊಂದರೆಯ ಅಂಕಿಗಳನ್ನು, ಬೇರೆಬೇರೆಯಾಗಿ ಬಹಿರಂಗಪಡಿಸಬೇಕೆಂಬ ಬೇಡಿಕೆ ನ್ಯಾಯಾಲಯದವರೆಗೂ ಹೋಯಿತು. ಅಮೆರಿಕದಲ್ಲಿ 1998ರಲ್ಲಿ ಬಂದ ‘ರೋಟಾಶೀಲ್ಡ್’ ಲಸಿಕೆಯನ್ನು ಮರುವರ್ಷವೇ ಹಿಂತೆಗೆದದ್ದು ಇದೇ ತೊಂದರೆಗಾಗಿ. ಅಂಥ ಇತಿಹಾಸವಿರುವಾಗ ಅಂಕಿಗಳನ್ನು ಕೇಳಿದವರನ್ನು ಲಸಿಕೆಯ ವೈರಿಗಳೆಂದು ಕರೆಯುವುದು ತಪ್ಪು. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಪ್ರಮಾದವನ್ನೇ ಮುಂದಿಟ್ಟರು. ಮಗುವಿನ ಮೇಲೆ ಪ್ರಯೋಗ ನಡೆಸುವವನು ಎಷ್ಟು ಎಚ್ಚರದಿಂದ ನಡೆಸಿದನೆಂದು ಕೇಳುವುದು ಆ ಲಕ್ಷಣದಿಂದಲೇ ಬರುವ ಹಕ್ಕು.

ಐವತ್ತನಾಲ್ಕು ಪ್ರತಿಶತವೆಂದರೆ ಅರ್ಧಕ್ಕಿಂತ ಕೊಂಚ ಮೇಲು. ಶ್ರೀಮಂತ ದೇಶಗಳಲ್ಲಿ ಇದೇ ಬಗೆಯ ಲಸಿಕೆಗಳು ಇದಕ್ಕಿಂತ ಎಷ್ಟೋ ಹೆಚ್ಚು ಫಲ ಕೊಡುತ್ತವೆ. ಈ ವ್ಯತ್ಯಾಸ ಲಸಿಕೆಯದು ಮಾತ್ರವಲ್ಲವೆಂದು ವೆಲ್ಲೂರಿನಲ್ಲಿ ಡಾ. ಗಗನದೀಪ್ ಕಾಂಗ್ ಮತ್ತು ಸಂಗಡಿಗರು ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷ ಅನುಸರಿಸಿ ಮಾಡಿದ ಅಧ್ಯಯನ 2011ರಲ್ಲಿ ತಿಳಿಸಿತು. ಮೆಕ್ಸಿಕೋದ ಮಕ್ಕಳಿಗೆ ಎರಡು ಬಾರಿ ಸಹಜ ಸೋಂಕು ತಗಲಿದರೆ ತೀವ್ರ ರೋಗದಿಂದ ಪೂರ್ಣ ರಕ್ಷಣೆ. ವೆಲ್ಲೂರಿನ ಮಕ್ಕಳಿಗೆ ಮೂರು ಬಾರಿ ತಗಲಿದ ಮೇಲೂ 79 ಪ್ರತಿಶತ. ನಮ್ಮ ಮಕ್ಕಳ ಕರುಳು ಹುಟ್ಟಿದಂದಿನಿಂದ ಹಲವು ಸೋಂಕುಗಳೊಡನೆ ಹೆಣಗುತ್ತಿರುವುದು ಇದಕ್ಕೊಂದು ಕಾರಣವೆಂದು ಹಲವರ ಅಭಿಪ್ರಾಯ. ಜಿಂಬಾಬ್ವೆಯಲ್ಲಿ ನೀರು, ಶೌಚ, ಕೈತೊಳೆಯುವ ವ್ಯವಸ್ಥೆಗಳನ್ನು ಸುಧಾರಿಸಿದ ಮನೆಗಳ ಶಿಶುಗಳಲ್ಲಿ ರೋಟಾವೈರಸ್ ಲಸಿಕೆ ಸ್ವಲ್ಪಮಟ್ಟಿಗೆ ಹೆಚ್ಚು ಹತ್ತಿತೆಂದು 2019ರ ವರದಿಯೊಂದು ತೋರಿಸಿತು. ಲಸಿಕೆಯ ಪ್ರಶ್ನೆ ಹೀಗೆ ತಾನಾಗಿಯೇ ಬಾವಿಯ ಕಟ್ಟೆಗೆ ಬಂದು ನಿಲ್ಲುತ್ತದೆ. ನೀರು ಶುದ್ಧವಾದರೆ ಲಸಿಕೆಯೇ ಬೇಡವೆಂದು ಇದರ ಅರ್ಥವಲ್ಲ. ನಲ್ಲಿಯ ನೀರು ನಿರ್ಮಲವಾಗಿರುವ ದೇಶಗಳಲ್ಲಿಯೂ ರೋಟಾವೈರಸ್ ಮಕ್ಕಳಿಗೆ ಕೈಯಿಂದ ಕೈಗೆ ತಗಲುತ್ತಲೇ ಇತ್ತು.

ನೀರನ್ನು ಗಾಳಿಸಿ ಕುಡಿಯುವುದು ನಮ್ಮ ಆಚಾರಗಳಲ್ಲಿ ಅತ್ಯಂತ ಸುಂದರವಾದದ್ದು. ದಟ್ಟನೆಯ ಬಟ್ಟೆಯನ್ನು ಇಮ್ಮಡಿಸಿ, ಕೊಡದ ಬಾಯಿಗೆ ಕಟ್ಟಿ, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಬಂದ ನೀರಿಗೇ ಮೆಲ್ಲನೆ ಮರಳಿಸುವ ಕ್ರಮದಲ್ಲಿ ಕುಡಿಯುವವನ ಆರೋಗ್ಯಕ್ಕಿಂತ ನೀರಿನಲ್ಲಿರುವವರ ಕ್ಷೇಮವೇ ಮುಖ್ಯ. ಆದರೂ ಅದರಿಂದ ಕುಡಿಯುವವನಿಗೆ ಲಾಭವಿದೆಯೆಂದು ಸ್ವತಂತ್ರವಾಗಿ ಸಿದ್ಧಪಟ್ಟಿದೆ. ಬಾಂಗ್ಲಾದೇಶದಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸುವುದನ್ನು ಹಳ್ಳಿಯ ಹೆಂಗಸರಿಗೆ ಕಲಿಸಿದರು. ಆ ಹಳ್ಳಿಗಳಲ್ಲಿ ಕಾಲರಾ 48 ಪ್ರತಿಶತ ತಗ್ಗಿತೆಂದು 2003ರಲ್ಲಿ ಪ್ರಕಟಿಸಿದರು. ಕಾಲರಾ ರೋಗಾಣು ನೀರಿನ ಸಣ್ಣ ಹುಳುಗಳ ಮೈಗೆ ಅಂಟಿಕೊಂಡಿರುತ್ತದೆ, ಹುಳು ಬಟ್ಟೆಯಲ್ಲಿ ನಿಂತರೆ ರೋಗಾಣುವೂ ನಿಲ್ಲುತ್ತದೆ. ನಮ್ಮ ಹಿರಿಯರ ಪದ್ಧತಿಗೆ ಸಿಕ್ಕ ಈ ಸಾಕ್ಷ್ಯವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಅಷ್ಟಕ್ಕೇ ನಿಲ್ಲಬೇಕು. ರೋಟಾವೈರಸ್ಸಿನ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದನ್ನು ತಡೆಯುವ ಬಟ್ಟೆಯನ್ನು ಯಾವ ಮಗ್ಗವೂ ನೇಯ್ದಿಲ್ಲ. ರೋಗಿ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮಿಕ್ಕ ವೈರಸ್ ಕಣಗಳಿರಬಹುದು, ಇನ್ನೊಂದು ಮಗುವಿಗೆ ರೋಗ ತರಲು ನೂರು ಕಣಗಳೊಳಗೇ ಸಾಕು. ಕುದಿಸಿದರೆ ವೈರಸ್ ನಾಶವಾಗುತ್ತದೆ. ಗಾಳಿಸಿದ ನೀರಿಗೆ ಒಂದು ಮುಹೂರ್ತ, ಚೆನ್ನಾಗಿ ಕಾಯಿಸಿದ ನೀರಿಗೆ ಒಂದು ದಿನವೆಂದು ಆಚಾರದಲ್ಲಿ ಕಾಲಮಿತಿ ಬೇರೆಬೇರೆ ಇಟ್ಟಿರುವುದನ್ನು ಮನೆಯ ಹಿರಿಯರು ಬಲ್ಲರು. ಈಗ ಎಷ್ಟೋ ಮನೆಗಳಲ್ಲಿ ನಲ್ಲಿಗೆ ಬಟ್ಟೆ ಕಟ್ಟುವುದು ಉಳಿದಿದೆ, ಕಾಯಿಸುವುದು ಮುನಿಗಳ ಆಹಾರದ ದಿನಕ್ಕೆ ಮಾತ್ರ ಎಂಬಂತಾಗಿದೆ.

ಬೀದರ ಸೀಮೆಯ ನೆಲವೂ ಇಲ್ಲಿ ನಮಗೆ ಅನುಕೂಲವಾಗಿಲ್ಲ. ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಔರಾದದ ಕಡೆಗೆ ಹೆಚ್ಚಾಗಿ ಕಪ್ಪುಕಲ್ಲು. ಜಂಬಿಟ್ಟಿಗೆ ತೂತುತೂತಾದದ್ದು, ಕಪ್ಪುಕಲ್ಲು ಬಿರುಕುಗಳುಳ್ಳದ್ದು. ಬಹಮನಿ ಕಾಲದವರು ಈ ಗುಣವನ್ನು ಅರಿತೇ ನೌಬಾದಿನಲ್ಲಿ ಕಾರೇಜ್ ಸುರಂಗವನ್ನು ತೋಡಿ, ಮೇಲಿನ ಜಂಬಿಟ್ಟಿಗೆ ಕೆಳಗಿನ ಕಪ್ಪುಕಲ್ಲನ್ನು ಸೇರುವಲ್ಲಿ ಒಸರುವ ನೀರನ್ನು ಹಿಡಿದರು. ನೀರಿಗೆ ದಾರಿ ಕೊಡುವ ನೆಲ ಕೊಳೆಗೂ ದಾರಿ ಕೊಡುತ್ತದೆ. ಮರಳುಮಣ್ಣಿನ ನೆಲದಲ್ಲಿ ಶೌಚಗುಂಡಿಗೂ ಬಾವಿಗೂ ಇಷ್ಟು ಗಜ ಅಂತರವಿದ್ದರೆ ಸಾಕೆಂಬ ಲೆಕ್ಕ ಬಿರುಕುಬಂಡೆಯ ನೆಲದಲ್ಲಿ ನಂಬಲರ್ಹವಲ್ಲ. ಮೊದಲ ಮಳೆಯಲ್ಲಿ ತಿಪ್ಪೆಯ ಸಾರ, ಗುಂಡಿಯ ಸಾರ ಎಲ್ಲವೂ ಬಿರುಕು ಹಿಡಿದು ಇಳಿಯುತ್ತವೆ. 2022ರಲ್ಲಿ ರಾಯಚೂರು ನಗರದಲ್ಲಿಯೂ 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತ ನೀರು ಕುಡಿದು ಜನ ಸತ್ತರು. ಅವು ನಲ್ಲಿಯ ನೀರು ಬರುತ್ತಿದ್ದ ಬಡಾವಣೆಗಳೇ.

ನೀರಿನ ಪರೀಕ್ಷೆ ದುಬಾರಿಯೆಂದೂ ನಗರದವರ ಕೆಲಸವೆಂದೂ ಭಾವನೆಯಿದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಡಾ. ಮಾಂಜಾ ಮತ್ತು ಜೊತೆಗಾರರು 1982ರಲ್ಲೇ ಒಂದು ಸುಲಭ ವಿಧಾನವನ್ನು ಪ್ರಕಟಿಸಿದರು. ಔಷಧಿ ಸವರಿದ ಕಾಗದವಿರುವ ಸಣ್ಣ ಸೀಸೆಗೆ ನೀರು ತುಂಬಿ ಬೆಚ್ಚಗೆ ಇಟ್ಟರೆ, ಮಲದ ಸೋಂಕಿದ್ದಲ್ಲಿ ಒಂದು ದಿನದೊಳಗೆ ನೀರು ಕಪ್ಪಾಗುತ್ತದೆ. ಓದುಬರಹ ಬಾರದವರೂ ನೋಡಿ ತಿಳಿಯಬಹುದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ಏರ್ಪಾಟೂ ಇದೆ. ಆದರೆ ಈ ಸೀಸೆಗೂ ಒಂದು ಮಿತಿಯುಂಟು. ಅದು ತೋರಿಸುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ಕ್ಲೋರಿನ್ ಹಾಕಿದ ನೀರಿನಲ್ಲಿ ಬ್ಯಾಕ್ಟೀರಿಯಾ ಸತ್ತ ಮೇಲೂ ಕೆಲವು ವೈರಸ್ಸುಗಳು ಬಹಳ ಹೊತ್ತು ಬದುಕಿರಬಲ್ಲವು. ಆದುದರಿಂದ 2012ರ ಭಾರತೀಯ ಮಾನಕದಲ್ಲಿ, ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಎಂಎಸ್2 ಎಂಬ ವೈರಸ್ ಇರಕೂಡದೆಂದು ಹೇಳಿದೆ. ಇದು ಮನುಷ್ಯನಿಗೆ ಏನೂ ಮಾಡದು, ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿಯುವ ವೈರಸ್ಸು. ಇದು ಇದ್ದಲ್ಲಿ ಮಲದ ಇತರ ವೈರಸ್ಸುಗಳೂ ಬಂದಿರಬಹುದೆಂಬ ಸೂಚನೆ ದೊರೆಯುತ್ತದೆ. ನಿಯಮ ಬರೆದಿದ್ದರೂ ಈ ಪರೀಕ್ಷೆಯನ್ನು ಹಳ್ಳಿಯ ಬಾವಿಗೆ ಮಾಡುವವರಿಲ್ಲ. ಕೂಸಿನ ಮಲದಲ್ಲಿ ವೈರಸ್ಸನ್ನು ಹುಡುಕಿ ಅದರ ಹನ್ನೊಂದು ತುಂಡುಗಳನ್ನೂ ಓದಿದ ದೇಶ, ಆ ಕೂಸು ಕುಡಿಯುವ ನೀರಿನಲ್ಲಿ ಅದನ್ನು ಹುಡುಕದಿರುವುದೇ ನಮ್ಮ ಮುಖ್ಯ ಆಕ್ಷೇಪ.

ಕಾಯಿಸುವುದರಿಂದಲೂ ಹೋಗದ ಕಲ್ಮಷವೊಂದಿದೆ. ಗೊಬ್ಬರದಿಂದಲೂ ಮಲಮೂತ್ರದಿಂದಲೂ ಅಂತರ್ಜಲಕ್ಕೆ ಇಳಿಯುವ ನೈಟ್ರೇಟ್, ನೀರು ಕುದಿದು ಆವಿಯಾದಷ್ಟೂ ಗಾಢವಾಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮಿತಿ. ಇದನ್ನು ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ಎಳೆಯ ಕೂಸಿನ ರಕ್ತ ಪ್ರಾಣವಾಯುವನ್ನು ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಬೀದರವೂ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳ ಅಂತರ್ಜಲದಲ್ಲಿ ಮಿತಿ ಮೀರಿದ ನೈಟ್ರೇಟ್ ದೊರೆತಿದೆ. ಆರು ತಿಂಗಳವರೆಗೆ ತಾಯಿಹಾಲಲ್ಲದೆ ಒಂದು ಗುಟುಕು ನೀರನ್ನೂ ಕೂಸಿಗೆ ಕೊಡಬಾರದೆಂಬ ವೈದ್ಯರ ಮಾತಿಗೆ ಈ ಸೀಮೆಯಲ್ಲಿ ಇಮ್ಮಡಿ ಅರ್ಥವಿದೆ. ಬೇಸಗೆಯಲ್ಲಿ ಕೂಸಿಗೆ ಬಾಯಾರುತ್ತದೆಂದು ಚಮಚದಲ್ಲಿ ನೀರು ಹಾಕುವ ಅಜ್ಜಿಯರಿಗೆ ಸೊಸೆಯರು ಇದನ್ನು ಮೆಲ್ಲನೆ ಓದಿ ಹೇಳಬಹುದು.

ಬಸದಿಗಳ ಆಡಳಿತ ಮಂಡಳಿಗಳಿಗೆ ಸಂಬಂಧಿಸಿದ್ದು ಇಲ್ಲಿದೆ. ನಮ್ಮ ಬಹುತೇಕ ಕ್ಷೇತ್ರಗಳಲ್ಲಿ ಬಾವಿಯೋ ಕೊಳವೆಬಾವಿಯೋ ಉಂಟು. ಅಭಿಷೇಕಕ್ಕೆ ಅದೇ ನೀರು, ಭೋಜನಶಾಲೆಗೆ ಅದೇ ನೀರು, ಯಾತ್ರಿಕರ ಕೂಸಿನ ಹಾಲಿನ ಸೀಸೆ ತೊಳೆಯಲೂ ಅದೇ ನೀರು. ಯಾತ್ರಿಕರು ಹೆಚ್ಚಿದಂತೆ ವಸತಿಗೃಹಗಳೂ ಶೌಚಾಲಯಗಳೂ ಹೆಚ್ಚಿವೆ. ಗುಂಡಿಯನ್ನು ಎಲ್ಲಿ ತೋಡಬೇಕೆಂದು ನಿರ್ಧರಿಸುವವನು ಸಾಮಾನ್ಯವಾಗಿ ಗುತ್ತಿಗೆದಾರ. ಮಂಡಳಿಯ ಲೆಕ್ಕಪತ್ರದಲ್ಲಿ ಅಮೃತಶಿಲೆಗೂ ಧ್ವನಿವರ್ಧಕಕ್ಕೂ ಖರ್ಚು ಕಾಣುತ್ತದೆ. ನೀರಿನ ಪರೀಕ್ಷೆಯ ಖರ್ಚನ್ನು ಈ ಲೇಖಕ ಯಾವ ವರದಿಯಲ್ಲಿಯೂ ಕಂಡಿಲ್ಲ. ಲಸಿಕೆಯ ಸೀಸೆಯ ಶುದ್ಧಿಯ ಬಗ್ಗೆ ಮಾತನಾಡುವ ಅಧಿಕಾರ ಬೇಕಾದರೆ ಈ ಬಾವಿಯ ಲೆಕ್ಕವನ್ನೂ ತೋರಿಸಬೇಕಾಗುತ್ತದೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮಳೆಗಾಲದ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನೀರಿನ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಬೇಕು. ರೋಗಾಣು ಪರೀಕ್ಷೆಯ ನೀರನ್ನು ಅವರು ಕೊಟ್ಟ ಶುದ್ಧೀಕರಿಸಿದ ಸೀಸೆಯಲ್ಲಿಯೇ ತುಂಬಿ, ಮಂಜುಗಡ್ಡೆಯಲ್ಲಿಟ್ಟು, ಅದೇ ದಿನ ತಲುಪಿಸಬೇಕು. ನೈಟ್ರೇಟಿಗೆ ಬೇರೆ ಸೀಸೆ. ಚಿಂತಾಕಿಯಂಥ ಗಡಿಯ ಊರಿನಿಂದ ಬೀದರಿಗೆ ಬೆಳಗಿನ ಬಸ್ಸಿನಲ್ಲಿ ಹೊರಟವನು ಈ ಕೆಲಸ ಮುಗಿಸಿ ಸಂಜೆಗೆ ಹಿಂತಿರುಗಬಹುದು. ವರದಿ ಬಂದಾಗ ಅದನ್ನು ಕಡತದಲ್ಲಿ ಮುಚ್ಚಿಡದೆ, ಕನ್ನಡ ಮರಾಠಿಗಳೆರಡರಲ್ಲೂ ಬರೆಸಿ, ದಾನಿಗಳ ಹೆಸರು ಕೆತ್ತಿದ ಕಲ್ಲಿನ ಪಕ್ಕದಲ್ಲಿ ಅಂಟಿಸಬಹುದು. ಆ ಕಲ್ಲಿನ ಮುಂದೆ ಎಲ್ಲರೂ ಒಂದು ಗಳಿಗೆ ನಿಂತು ಓದುತ್ತಾರೆ.